ಮನೆಯೂ ಮಾರ್ಗವೂ

ಕಳೆದ ತಿಂಗಳು ಒಂದು ಭಾನುವಾರ ಬೆಳಗ್ಗೆ ನಮ್ಮಣ್ಣ ಕೈಯಲ್ಲೊಂದು ಉದ್ದನೆಯ ಕಾಗದದ ಸುರುಳಿಯನ್ನು ಹಿಡಿದು ಮನೆಗೆ ಬಂದ. ಬಸವನಗುಡಿಯಲ್ಲಿರುವ ಈ ಮನೆ ನಮ್ಮ ಮುತ್ತಾತನ ಕಾಲದ್ದು. ಅಣ್ಣನೂ ಅಕ್ಕನೂ ಬೇರೆ ಬಡಾವಣೆಗಳಲ್ಲಿ ಮನೆ ಮಾಡಿಕೊಂಡು ಬಹಳ ಕಾಲವಾಯಿತು. ಹಳೆಯ ಮನೆಯಲ್ಲಿ ಉಳಿದುಕೊಂಡವನು ನಾನೊಬ್ಬ. ಹಂಚು ಸೋರುತ್ತದೆ, ತೊಲೆಗಳಿಗೆ ಗೆದ್ದಲು ಹತ್ತಿದೆ, ರಿಪೇರಿಗೆ ಕೈಹಾಕಿದರೆ ಕಾಲೇಜು ಮೇಷ್ಟರ ಸಂಬಳ ಯಾವ ಮೂಲೆಗೂ ಸಾಲದು. ಮನೆಯನ್ನು ಕೆಡವಿ ನಾಲ್ಕು ಅಂತಸ್ತಿನ ಕಟ್ಟಡ ಕಟ್ಟುವುದೆಂದು ವರ್ಷದ ಹಿಂದೆಯೇ ಮಾತಾಗಿತ್ತು. ಈಗ ನಕ್ಷೆ ಸಿದ್ಧವಾಗಿತ್ತು. ನನ್ನ ಸಹಿಯೊಂದು ಬಾಕಿ.

ಅಣ್ಣ ಸುರುಳಿಯನ್ನು ಊಟದ ಮೇಜಿನ ಮೇಲೆ ಬಿಚ್ಚಿ, ನಾಲ್ಕು ಮೂಲೆಗೂ ನನ್ನ ಪುಸ್ತಕಗಳನ್ನು ಹೇರಿದ. “ನೋಡೋ, ನಿನಗೋಸ್ಕರ ಅಂತಲೇ ಹೇಳಿ ಹಾಕಿಸಿದೀನಿ” ಎಂದು ಬೆರಳಿಟ್ಟು ತೋರಿಸಿದ. ನೋಡಿದೆ. ನಾಲ್ಕು ಅಂತಸ್ತಿನಲ್ಲಿಯೂ ಬೀದಿಗೆ ಮುಖಮಾಡಿದ ಪ್ರತಿಯೊಂದು ಕಿಟಕಿಯ ಮೇಲೂ ಒಂದೊಂದು ಮಂಕಿ ಟಾಪು!

ಮಂಕಿ ಟಾಪು ಎಂದರೇನೆಂಬುದು ಬೆಂಗಳೂರಿನ ಹೊರಗಿನ ವಾಚಕರಿಗೆ ತಿಳಿಯದಿರಬಹುದು. ಹಳೆಯ ಬಂಗಲೆಗಳ ಕಿಟಕಿಯ ಮೇಲೆ, ಮುಖಮಂಟಪದ ಮೇಲೆ, ಗೋಪಿ ಕಟ್ಟಿದಂತೆ ಮುಂದಕ್ಕೆ ಚಾಚಿಕೊಂಡ, ನೆತ್ತಿ ಚೂಪಾದ ಒಂದು ಮರದ ಸೂರು. ಸಣ್ಣ ಸಣ್ಣ ಮರದ ಪಟ್ಟಿಗಳನ್ನು ನಡುವೆ ಸಂದು ಬಿಟ್ಟು ಹೊಡೆದಿರುತ್ತಾರೆ. ಬಿಸಿಲನ್ನೂ ಮಳೆಯ ಎರಚಲನ್ನೂ ತಡೆಯುತ್ತದೆ, ಗಾಳಿಯನ್ನು ಒಳಕ್ಕೆ ಬಿಡುತ್ತದೆ. ಅದರ ಹೆಸರಿನ ಬಗ್ಗೆ ನಾನಾ ಕಥೆಗಳಿವೆ. ಕೋತಿಗಳು ಕೂರಲಿಕ್ಕೆಂದೇ ಕಟ್ಟಿಸಿದ್ದೆಂದು ಚಿಕ್ಕಂದಿನಲ್ಲಿ ನಾವು ನಂಬಿದ್ದೆವು.

ಅಣ್ಣನ ಜೊತೆಗೆ ಬಂದಿದ್ದ ತರುಣ ಎಂಜಿನಿಯರು ಉತ್ಸಾಹದಿಂದ ವಿವರಿಸಿದ: “ಇದು ಮರ ಅಲ್ಲ ಸಾರ್, ಸಿಮೆಂಟ್ ಹಲಗೆ. ಗೆದ್ದಲು ಹಿಡಿಯಲ್ಲ, ಮಳೆಗೂ ಏನೂ ಆಗಲ್ಲ.”

“ಒಳಗೆ ಗಾಳಿ ಬರುತ್ತದೆಯೆ?” ಎಂದು ಕೇಳಿದೆ.

“ಗಾಳಿ ಯಾಕೆ ಸಾರ್? ಹಿಂದೆ ಗಾಜು ಇರುತ್ತೆ, ಒಳಗೆ ಏ.ಸಿ. ಇದು ಬರೀ ಎಲಿವೇಶನ್‌ಗೆ.”

ಬರೀ ಎಲಿವೇಶನ್‌ಗೆ! ಆ ಮಾತು ನನ್ನನ್ನು ಒಂದು ವಾರ ಕಾಡಿತು. ನಕ್ಷೆಯ ಹಿಂಬದಿಯಲ್ಲಿ ತೆಳುವಾದ ಗೆರೆಗಳಲ್ಲಿ ಒಂದು ಕಿರಿದಾದ ಮೆಟ್ಟಿಲಸಾಲನ್ನೂ ಬರೆದಿದ್ದರು. ಆ ದಿನ ನಾನು ಅದನ್ನು ಅಷ್ಟಾಗಿ ಗಮನಿಸಲಿಲ್ಲ. ಆ ಪ್ರಸ್ತಾಪ ಮುಂದೆ ಬರುತ್ತದೆ.

ಕನ್ನಡದ ಉಪಾಧ್ಯಾಯನಿಗೆ ಕಟ್ಟಡಗಳ ಉಸಾಬರಿ ಏಕೆಂದು ಯಾರಾದರೂ ಕೇಳಿಯಾರು. ಆದರೆ ಶೈಲಿ ಎಂಬುದು ಏನು, ಅದು ಏಕೆ ಹುಟ್ಟುತ್ತದೆ, ಏಕೆ ಬದಲಾಗುತ್ತದೆ ಎಂಬುದು ನನ್ನ ತರಗತಿಯ ನಿತ್ಯದ ಪ್ರಶ್ನೆ. ಶೈಲಿಗೆ ನಮ್ಮ ಹಿರಿಯರು ಇಟ್ಟ ಹೆಸರು ಬಹಳ ಅರ್ಥವತ್ತಾದುದು: ಮಾರ್ಗ. ನಮಗೆ ದೊರೆತಿರುವ ಕನ್ನಡದ ಮೊತ್ತಮೊದಲ ಗ್ರಂಥವಾದ, 9ನೆಯ ಶತಮಾನದ ‘ಕವಿರಾಜಮಾರ್ಗ’ದ ಹೆಸರಿನಲ್ಲಿಯೇ ಆ ಮಾತಿದೆ, ದಕ್ಷಿಣಮಾರ್ಗ, ಉತ್ತರಮಾರ್ಗಗಳೆಂದು ಕಾವ್ಯರೀತಿಯ ಭೇದವನ್ನು ಅದು ಚರ್ಚಿಸುತ್ತದೆ. ಮಾರ್ಗವೆಂದರೆ ದಾರಿ. ದಾರಿಗೆ ಅಲಂಕಾರ ಮುಖ್ಯವಲ್ಲ. ಅದು ಎಲ್ಲಿಂದ ಹೊರಟಿತು, ಎಲ್ಲಿಗೆ ಹೋಗಬೇಕಾಗಿದೆ ಎಂಬುದು ಮುಖ್ಯ. ಅರಮನೆಯ ವಿದ್ವತ್ಸಭೆಗಾಗಿ ಬರೆದ ಪಂಪನಿಗೆ 10ನೆಯ ಶತಮಾನದಲ್ಲಿ ಚಂಪು ಒದಗಿತು. 12ನೆಯ ಶತಮಾನದ ಶರಣರು ಮಾತಾಡಬೇಕಾಗಿದ್ದುದು ಕಾಯಕದ ಜನರೊಡನೆ. ಅವರಿಗೆ ಚಂಪುವಿನ ಭಾರ ಬೇಡವಾಯಿತು, ವಚನ ಹುಟ್ಟಿತು. ಕೇಳುವ ಕಿವಿಗಳಿಗಾಗಿ ಹಾಡಬಲ್ಲ ಕಥೆ ಬೇಕಾದಾಗ 15ನೆಯ ಶತಮಾನದಲ್ಲಿ ಕುಮಾರವ್ಯಾಸ ಭಾಮಿನಿ ಷಟ್ಪದಿಯನ್ನು ಹಿಡಿದ. ಪ್ರಶ್ನೆ ಬದಲಾದಂತೆ ಮಾರ್ಗ ಬದಲಾಯಿತು.

ಕಲ್ಲಿನಲ್ಲಿಯೂ ಇದೇ ಕಥೆ. 1117ರಲ್ಲಿ ಪ್ರತಿಷ್ಠಾಪಿತವಾದ ಬೇಲೂರಿನ ಚೆನ್ನಕೇಶವನ ಗುಡಿಯಲ್ಲಿ ಕಲ್ಲು ಬೆಣ್ಣೆಯಂತೆ ಕಡೆಯಲ್ಪಟ್ಟಿದೆ ಎನ್ನುತ್ತೇವೆ. ಅದು ಶಿಲ್ಪಿಯ ಕೈಚಳಕ, ನಿಜ. ಜೊತೆಗೆ ಅದು ಬಳಪದ ಕಲ್ಲು, ಉಗುರಿಗೂ ಬಗ್ಗುವ ಕಲ್ಲು. ನಮ್ಮ ಬಸವನಗುಡಿಯ ದೊಡ್ಡ ಬಸವಣ್ಣನಾದರೋ ಬೆಂಗಳೂರಿನ ಗಟ್ಟಿ ಕಗ್ಗಲ್ಲಿನಲ್ಲಿ ಮೂಡಿದವನು. ಆ ಕಲ್ಲಿನಲ್ಲಿ ಸೂಕ್ಷ್ಮದ ಕುಸುರಿಗಿಂತ ಗಾತ್ರಕ್ಕೂ ಗಾಂಭೀರ್ಯಕ್ಕೂ ಹೆಚ್ಚು ಬೆಲೆ. ಕಾಲವೂ ಸಾಮಗ್ರಿಯೂ ಕೂಡಿ ಹಾಕಿಕೊಟ್ಟ ಗೆರೆಯ ಒಳಗೆ ಕಲಾವಿದ ತನ್ನ ಸ್ವಾತಂತ್ರ್ಯವನ್ನು ಕಂಡುಕೊಳ್ಳುತ್ತಾನೆ.

ಹಾಗಾದರೆ ನಮ್ಮ ಮನೆ ಯಾವ ಪ್ರಶ್ನೆಗೆ ಉತ್ತರವಾಗಿ ಹುಟ್ಟಿತು? ಅದನ್ನು ತಿಳಿಯಬೇಕಾದರೆ ಕೋಟೆಯ ಬಳಿಯ ಪೇಟೆಗೆ ಹೋಗಬೇಕು.

ನಮ್ಮ ಮುತ್ತಾತ ಹುಟ್ಟಿದ್ದು ಹಳೆಯ ಪೇಟೆಯಲ್ಲಿ. ಪೇಟೆಯ ಮನೆಗಳು ಒಂದಕ್ಕೊಂದು ಗೋಡೆ ಕೊಟ್ಟು ನಿಂತವು. ಬೀದಿಗೆ ಜಗಲಿ, ಜಗಲಿ ದಾಟಿದರೆ ಪಡಸಾಲೆ, ನಡುವೆ ಆಕಾಶಕ್ಕೆ ತೆರೆದ ತೊಟ್ಟಿ. ಗಾಳಿ ಬೆಳಕು ಬರುವುದು ಮೇಲಿನಿಂದ. ಕಾವಲಿಗೆ, ವ್ಯಾಪಾರಕ್ಕೆ, ಕೂಡು ಕುಟುಂಬಕ್ಕೆ ತಕ್ಕ ಮಾರ್ಗ ಅದು. ಬೀದಿಯ ಕಡೆಗೆ ಬೆನ್ನು, ತೊಟ್ಟಿಯ ಕಡೆಗೆ ಮುಖ.

1898ರ ಆಗಸ್ಟಿನಲ್ಲಿ ಬೆಂಗಳೂರಿಗೆ ಪ್ಲೇಗು ಬಂದಿತು. ಮುತ್ತಾತನ ಮನೆಯಲ್ಲಿ ಮೂರು ವಾರದೊಳಗೆ ಮೂವರು ಹೋದರು. ಅವರಲ್ಲಿ ಅವನ ತಾಯಿಯೂ ಒಬ್ಬಳು. ಊರಿಗೆ ಊರೇ ಬಯಲಿಗೆ ಬಂದು ಗುಡಿಸಲು ಹಾಕಿಕೊಂಡ ದಿನಗಳವು. ಪ್ಲೇಗು ಮಾರಮ್ಮನ ಗುಡಿಗಳು ಬೆಂಗಳೂರಿನಲ್ಲಿ ಇಂದಿಗೂ ಇವೆ. ಪೇಟೆಯ ದಟ್ಟಣೆಯೇ ಮೃತ್ಯುವಿನ ಮನೆಯೆಂದು ಸರಕಾರಕ್ಕೂ ಜನಕ್ಕೂ ಖಚಿತವಾಯಿತು. ಚಾಮರಾಜೇಂದ್ರ ಒಡೆಯರ ಹೆಸರಿನ ಚಾಮರಾಜಪೇಟೆ 1892ರಲ್ಲಿಯೇ ಏರ್ಪಟ್ಟಿತ್ತು. ದೊಡ್ಡ ಬಸವಣ್ಣನ ಗುಡಿಯ ಆಸುಪಾಸಿನ ಬಸವನಗುಡಿ, ಕಾಡುಮಲ್ಲೇಶ್ವರನ ನೆರಳಿನ ಮಲ್ಲೇಶ್ವರ, ಇವೆರಡೂ ಆ ದಶಕದಲ್ಲಿಯೇ ರೂಪುಗೊಂಡು, ಪ್ಲೇಗಿನ ದೆಸೆಯಿಂದ ಬೇಗಬೇಗನೆ ತುಂಬತೊಡಗಿದವು.

ಈ ಬಡಾವಣೆಗಳ ಚಂದವನ್ನು ಹೊಗಳುವಾಗ ನಾವು ಮರೆಯುವ ಸಂಗತಿ ಇದು: ಅದು ಭಯದಿಂದ ಹುಟ್ಟಿದ ಚಂದ. ಗೆರೆ ಎಳೆದಂಥ ನೇರ ಬೀದಿಗಳು ಗಾಳಿ ಓಡಾಡಲೆಂದು. ನಿವೇಶನದ ನಡುವೆ ಮನೆ, ಸುತ್ತಲೂ ಬಯಲು. ಪಕ್ಕದ ಮನೆಯ ರೋಗ ನಮಗೆ ತಾಗದಿರಲೆಂದು. ಎತ್ತರದ ಮಾಳಿಗೆ, ಗೋಡೆಯ ನೆತ್ತಿಯಲ್ಲಿ ಬೆಳಕಿಂಡಿ; ಕೆಟ್ಟ ಗಾಳಿ ಮೇಲೇರಿ ಹೊರಗೆ ಹೋಗಲೆಂದು. ತಿಕ್ಕಿ ತೊಳೆಯಲು ಅನುಕೂಲವಾದ ನುಣುಪಾದ ಕೆಂಪು ಗಾರೆಯ ನೆಲ. ನಮ್ಮ ಮುತ್ತಾತ ಬಡಗಿಗೆ ಹೇಳಿದ ಮಾತು ಮನೆಯಲ್ಲಿ ಗಾದೆಯಂತೆ ಉಳಿದಿದೆ: “ಯಾವ ಕೋಣೆಗೂ ಒಂದೇ ಕಿಟಕಿ ಇಡಬೇಡ.”

ಇದರಲ್ಲಿ ಒಂದು ವಿಚಿತ್ರವಿದೆ. ಪ್ಲೇಗಿನ ರೋಗಾಣುವನ್ನು ಯೆರ್ಸಿನ್ ಎಂಬ ವಿಜ್ಞಾನಿ ಹಾಂಗ್‌ಕಾಂಗಿನಲ್ಲಿ 1894ರಲ್ಲಿಯೇ ಕಂಡುಹಿಡಿದಿದ್ದ. ಇಲಿಯ ಮೈಮೇಲಿನ ಚಿಗಟವೇ ಅದನ್ನು ಹರಡುತ್ತದೆಂದು ಸಿಮೋಂ ಎಂಬಾತ ಕರಾಚಿಯಲ್ಲಿ ತೋರಿಸಿದ್ದು, ಬೆಂಗಳೂರಿಗೆ ಪ್ಲೇಗು ಬಂದ ಅದೇ 1898ರಲ್ಲಿ. ಆದರೆ ಲೋಕ ಅದನ್ನು ಒಪ್ಪಲು ಇನ್ನೂ ಹಲವು ವರ್ಷಗಳು ಬೇಕಾದವು. ಕೆಟ್ಟ ಗಾಳಿಯೇ ರೋಗದ ತಾಯಿ ಎಂಬ ಹಳೆಯ ನಂಬಿಕೆ ಜನರ ಮನಸ್ಸಿನಲ್ಲಿ ಬಲವಾಗಿತ್ತು. ಅಂದರೆ ನಮ್ಮ ಬೆಳಕಿಂಡಿಗಳೂ ಎತ್ತರದ ಮಾಳಿಗೆಗಳೂ ಬಹುಮಟ್ಟಿಗೆ ಒಂದು ತಪ್ಪು ಸಿದ್ಧಾಂತದ ಮಕ್ಕಳು! ಸಿದ್ಧಾಂತ ಸತ್ತಿತು, ಅದು ಹೆತ್ತ ಮನೆ ತಂಪಾಗಿ ನೂರು ವರ್ಷ ಬಾಳಿತು. ಶೈಲಿಯ ಚರಿತ್ರೆಯಲ್ಲಿ ಇಂಥ ಭಾಗ್ಯಶಾಲಿ ತಪ್ಪುಗಳು ಕಡಮೆಯಲ್ಲ.

ಇನ್ನು ಆ ಮಂಕಿ ಟಾಪಿನ ಮಾತು. ಅದು ಪೇಟೆಯದಲ್ಲ, 1809ರಲ್ಲಿ ಬೇರೂರಿದ ದಂಡಿನ ಪ್ರದೇಶದಿಂದ, ಇಂಗ್ಲಿಷರ ಬಂಗಲೆಗಳಿಂದ ಬಂದದ್ದು. ಮೈಸೂರು ಸರಕಾರದ ಕಚೇರಿಗಳಲ್ಲಿ ಗುಮಾಸ್ತರೂ ಅಮಲ್ದಾರರೂ ವಕೀಲರೂ ಆಗಿದ್ದ ನಮ್ಮ ಹಿರಿಯರು ಅದನ್ನು ಕಂಡು ಮೆಚ್ಚಿ ತಮ್ಮ ಮನೆಗೂ ಇಡಿಸಿಕೊಂಡರು. ಅದು ಬರಿಯ ಅನುಕರಣವೆ? ಹಾಗೆಂದು ಮೂಗುಮುರಿಯುವವರು ಒಳಗೆ ಕಾಲಿಟ್ಟು ನೋಡಬೇಕು. ಮುಂದೆ ಮಂಕಿ ಟಾಪು, ಬೆತ್ತದ ಕುರ್ಚಿ. ಒಳಗೆ ದೇವರ ಮನೆ, ಮಡಿಯ ಅಡಿಗೆಮನೆ, ಹಿತ್ತಿಲಲ್ಲಿ ತುಳಸಿಕಟ್ಟೆ, ಬಾವಿ. ಬಂಗಲೆಯ ನಡುವೆ ತೊಟ್ಟಿಯ ನೆನಪಿನ ಒಂದು ನಡುಮನೆ. ಇಂಗ್ಲಿಷ್ ಕೋಟಿನ ಕೆಳಗೆ ಪಂಚೆಯುಟ್ಟು, ತಲೆಗೆ ಜರಿಯ ರುಮಾಲು ಸುತ್ತಿ ಕಚೇರಿಗೆ ಹೊರಟ ಆ ಕಾಲದ ಮಹನೀಯರ ಹಾಗೆಯೇ ಇತ್ತು ಅವರ ಮನೆ. 1926ರಲ್ಲಿ ‘ಇಂಗ್ಲಿಷ್ ಗೀತಗಳು’ ಪ್ರಕಟಿಸಿದ ಬಿ. ಎಂ. ಶ್ರೀಕಂಠಯ್ಯನವರು ಕನ್ನಡ ಕಾವ್ಯಕ್ಕೆ ಮಾಡಿದ್ದೂ ಇಂಥದೇ ಕೆಲಸವಲ್ಲವೆ? ಹೊರಗಿನಿಂದ ತಂದ ಆಕಾರಕ್ಕೆ ಒಳಗಿನ ಉಸಿರನ್ನು ತುಂಬಿದರು. ಎರವಲು ತಂದದ್ದು ಅಗತ್ಯಕ್ಕೆ ಒದಗಿದರೆ ಸ್ವಂತದ್ದೇ ಆಗುತ್ತದೆ. ಮುತ್ತಾತನ ಮಂಕಿ ಟಾಪು ಪಶ್ಚಿಮದ ಬಿಸಿಲನ್ನು ತಡೆಯುತ್ತಿತ್ತು.

ಇಷ್ಟರವರೆಗೆ ನಾನು ಮನೆಯ ಮುಂಬಾಗಿಲಿನ ಶೈಲಿಯನ್ನು ಹೇಳಿದೆ. ಹಿಂಬಾಗಿಲಿಗೂ ಒಂದು ಶೈಲಿ ಉಂಟು.

ಮಲ್ಲೇಶ್ವರ, ಬಸವನಗುಡಿ, ಚಾಮರಾಜಪೇಟೆಗಳಲ್ಲಿ ಓಡಾಡುವವರಿಗೆ ಎರಡು ಸಾಲು ಮನೆಗಳ ಬೆನ್ನಿನ ನಡುವೆ ಹಾಯುವ ಕಿರುಗಲ್ಲಿಗಳು ಪರಿಚಿತವಾಗಿರಬೇಕು. ಕನ್ಸರ್ವೆನ್ಸಿ ಗಲ್ಲಿಗಳೆಂದು ಅವುಗಳ ಹೆಸರು. ಈಗ ಕೆಲವು ಕಡೆ ಅವುಗಳ ಗೋಡೆಗಳಿಗೆ ಚಿತ್ರ ಬರೆದು, ಹೂಕುಂಡವಿಟ್ಟು ಅಂದಗೊಳಿಸಿದ್ದಾರೆ. ಬೇಸಿಗೆ ರಜೆಯಲ್ಲಿ ನಮ್ಮ ಹುಡುಗತನದ ಕ್ರಿಕೆಟ್ಟೆಲ್ಲ ನಡೆದದ್ದು ಅಂಥದೊಂದು ಗಲ್ಲಿಯಲ್ಲಿ. ಈ ಗಲ್ಲಿ ಏತಕ್ಕಾಗಿ ಇತ್ತೆಂದು ಒಮ್ಮೆ ಅಜ್ಜಿಯನ್ನು ಕೇಳಿದೆ. 1940ರ ಸುಮಾರಿಗೆ ಸೊಸೆಯಾಗಿ ಈ ಮನೆಗೆ ಬಂದವಳು ಅವಳು.

“ಕಕ್ಕಸು ಬಳಿಯೋರು ಬರೋದಕ್ಕೆ ಮಗು” ಎಂದಳು. ಒಳಚರಂಡಿ ಬರುವ ಮುನ್ನ ಹಿತ್ತಿಲ ತುದಿಯ ಕಕ್ಕಸಿಗೆ ಗಲ್ಲಿಯ ಕಡೆಯಿಂದ ಒಂದು ಪುಟ್ಟ ಬಾಗಿಲು. ಬೆಳಗಿನ ಜಾವ ಒಬ್ಬ ಹೆಂಗಸು ಆ ಕಡೆಯಿಂದ ಬಂದು ಆ ಕಡೆಯಿಂದಲೇ ಹೋಗುತ್ತಿದ್ದಳು. ಮನೆಯವರ ಕಣ್ಣಿಗೆ ಬೀಳಬಾರದು, ಮುಂದಿನ ಬೀದಿಗೆ ಕಾಲಿಡಬಾರದು. ಸುಮಾರು ಹದಿನೈದು ವರ್ಷ ಬಂದಳಂತೆ.

“ಅವಳ ಹೆಸರೇನು ಅಜ್ಜಿ?”

ಅಜ್ಜಿ ಬಹಳ ಹೊತ್ತು ಯೋಚಿಸಿದಳು. ದೂರದ ನೆಂಟರ ಮಕ್ಕಳ ನಕ್ಷತ್ರಗಳನ್ನೂ ತಪ್ಪಿಲ್ಲದೆ ಹೇಳುತ್ತಿದ್ದವಳು. “ಗೊತ್ತಿಲ್ಲ ಕಣೋ. ಕೇಳಲೇ ಇಲ್ಲವಲ್ಲ” ಎಂದಳು. ಆಮೇಲೆ ಆ ಸಂಜೆಯೆಲ್ಲ ಅವಳು ಹೆಚ್ಚು ಮಾತಾಡಲಿಲ್ಲ.

ಬಸವನಗುಡಿಯ ಮೂಲ ಯೋಜನೆಯಲ್ಲಿ ನಿವೇಶನಗಳನ್ನು ಜಾತಿವಾರು ವಿಂಗಡಿಸಿದ್ದರೆಂಬುದನ್ನು ಇತಿಹಾಸಕಾರರು ದಾಖಲಿಸಿದ್ದಾರೆ. ಗಾಳಿಗೆಂದು ನೇರ ಬೀದಿಯನ್ನು ಎಳೆದ ಅದೇ ಪೆನ್ಸಿಲು ಮನುಷ್ಯರ ನಡುವೆಯೂ ಗೆರೆ ಎಳೆಯಿತು. ತಲೆಯ ಮೇಲೆ ಮಲ ಹೊರಿಸುವ ಪದ್ಧತಿಯನ್ನು ನಮ್ಮ ರಾಜ್ಯದಲ್ಲಿ ನಿಷೇಧಿಸಿದ್ದು 1970ರ ದಶಕದಲ್ಲಿ, ದೇವರಾಜ ಅರಸರ ಸಂಪುಟದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು. ಒಂದು ಕಾಲದ ಶೈಲಿ ಆ ಕಾಲವನ್ನು ಪ್ರತಿಬಿಂಬಿಸುತ್ತದೆ ಎಂದು ಹೇಳುವುದು ಸುಲಭ. ಆದರೆ ಕನ್ನಡಿಯಲ್ಲಿ ಮುಖವನ್ನಷ್ಟೇ ನೋಡಿಕೊಂಡು ಬೆನ್ನನ್ನು ಮರೆತರೆ ಆ ಮಾತು ಅರ್ಧಸತ್ಯವಾಗುತ್ತದೆ. ಮಂಕಿ ಟಾಪು ಎಷ್ಟು ಆ ಕಾಲದ ಶೈಲಿಯೋ ಹಿಂದಿನ ಗಲ್ಲಿಯೂ ಅಷ್ಟೇ ಆ ಕಾಲದ ಶೈಲಿ.

ಪ್ಲೇಗಿನ ಭಯ ಮೆಲ್ಲಗೆ ಇಳಿಯಿತು. ಹೊಸ ಆಸೆಗಳು ಹುಟ್ಟಿದವು. 1905ರಲ್ಲಿ ಶಿವನಸಮುದ್ರದ ವಿದ್ಯುತ್ತು ಬೆಂಗಳೂರಿಗೆ ಬಂದಿತ್ತು. ದೀಪವೂ ಬೀಸಣಿಗೆಯೂ ಮನೆಮನೆಯನ್ನು ಹೊಕ್ಕಂತೆ ಬೆಳಕಿಂಡಿಯ ಕೆಲಸ ಕಡಮೆಯಾಯಿತು, ಮಾಳಿಗೆ ತಗ್ಗತೊಡಗಿತು. 1890ರ ದಶಕದಲ್ಲಿ ಹೆಸರಘಟ್ಟದಿಂದ, 1933ರಲ್ಲಿ ತಿಪ್ಪಗೊಂಡನಹಳ್ಳಿಯಿಂದ ನೀರು ಬಂದಿತು. ಹಿತ್ತಿಲ ಬಾವಿಗೆ ಮೊದಲಿನ ಮರ್ಯಾದೆ ಉಳಿಯಲಿಲ್ಲ. ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ನಿನವರು 1865ರಲ್ಲಿ ಆರಂಭಿಸಿದ ಕಾರ್ಖಾನೆಯಿಂದ ನಾಡೆಲ್ಲ ಹರಡಿದ್ದ ಹಂಚಿನ ಮಾಡಿಗೆ ಈಗ ಸಿಮೆಂಟು ಎದುರಾಳಿಯಾಯಿತು. ಇಳಿಜಾರು ಮಾಡು ಚಪ್ಪಟೆಯಾಯಿತು. ಅದರ ಮೇಲೆ ನೀರಿನ ತೊಟ್ಟಿ ಬಂದು ಕುಳಿತಿತು.

ಮೂವತ್ತು ನಲವತ್ತರ ದಶಕಗಳಲ್ಲಿ ನಮ್ಮ ಬಡಾವಣೆಗಳಲ್ಲಿ ಎದ್ದ ಕೆಲವು ಮನೆಗಳನ್ನು ನೋಡಿ: ಗುಂಡನೆಯ ಮೂಲೆಗಳು, ಬಾಗಿದ ಬಾಲ್ಕನಿ, ಗೋಡೆಯುದ್ದಕ್ಕೂ ಮೂರು ಅಡ್ಡಪಟ್ಟಿ, ಹಡಗಿನ ಕಿಟಕಿಯಂಥ ದುಂಡುಕಿಂಡಿ. 1925ರ ಪ್ಯಾರಿಸ್ ಪ್ರದರ್ಶನದಿಂದ ಹೊರಟ ಈ ಗಾಳಿ ಮುಂಬಯಿಯ ಸಮುದ್ರತೀರವನ್ನು ತಟ್ಟಿ ಇಲ್ಲಿಗೂ ಬೀಸಿತು. ವೇಗವೇ ಆ ಕಾಲದ ದೇವತೆ; ಹಡಗು, ರೈಲು, ವಿಮಾನ, ಸಿನಿಮಾ. ಬಸವನಗುಡಿಯ ಬೀದಿಯಲ್ಲಿ ನಿಂತ ಮನೆಗೂ ಎಲ್ಲಿಗೋ ಹೊರಟು ನಿಂತ ಹಡಗಿನ ಠೀವಿ! ಇದಕ್ಕೆ ‘ಆರ್ಟ್ ಡೆಕೊ’ ಎಂಬ ಹೆಸರು ಬಳಕೆಗೆ ಬಂದದ್ದು 1960ರ ದಶಕದಲ್ಲಿ. ಶೈಲಿಯನ್ನು ಬಾಳುವವರು ಬೇರೆ, ಹೆಸರಿಡುವವರು ಬೇರೆ. ನಮ್ಮ ತಾತನ ಕೈಯಲ್ಲಿ ಹಡಗು ಕಟ್ಟುವಷ್ಟು ಹಣವಿರಲಿಲ್ಲ. ಯುದ್ಧದ ಕಾಲದಲ್ಲಿ ಊರು ತುಂಬಿ ಬಾಡಿಗೆ ಮನೆಗೆ ಹಾಹಾಕಾರವೆದ್ದಾಗ ಅವನು ಹಿತ್ತಿಲಲ್ಲಿ ಸಾಲಾಗಿ ನಾಲ್ಕು ಪುಟ್ಟ ಮನೆಗಳನ್ನು ಎಬ್ಬಿಸಿದ. ನಾಲ್ಕು ಸಂಸಾರಕ್ಕೆ ಒಂದು ನಲ್ಲಿ. ಈ ವಠಾರವನ್ನು ಯಾವ ವಾಸ್ತುಗ್ರಂಥವೂ ಶೈಲಿಯೆಂದು ಕರೆಯುವುದಿಲ್ಲ. ಬೆಂಗಳೂರಿನ ಮಧ್ಯಮವರ್ಗ ಬೆಳೆದದ್ದು ಬಹುಮಟ್ಟಿಗೆ ಅದರಲ್ಲಿ.

ಸ್ವಾತಂತ್ರ್ಯ ಬಂದ ಮೇಲೆ ಇನ್ನೊಂದು ಪ್ರಶ್ನೆ ಎದ್ದಿತು: ಸ್ವತಂತ್ರರಾದವರ ಕಟ್ಟಡ ಹೇಗಿರಬೇಕು? 1951ರ ಜುಲೈ 13ರಂದು ಜವಾಹರಲಾಲ್ ನೆಹರೂ ಅವರು ಶಂಕುಸ್ಥಾಪನೆ ಮಾಡಿದ ವಿಧಾನಸೌಧ 1956ರಲ್ಲಿ ಮುಗಿಯಿತು. ಎದುರಿಗೆ 1868ರ ಕೆಂಪು ಬಣ್ಣದ ಅಠಾರಾ ಕಚೇರಿ, ಪಾಶ್ಚಾತ್ಯ ಕಂಬಗಳ ಸಾಲಿನೊಂದಿಗೆ. ಅದಕ್ಕೆ ಉತ್ತರ ಕೊಡುವಂತೆ ಕೆಂಗಲ್ ಹನುಮಂತಯ್ಯನವರು ದ್ರಾವಿಡ ದೇಗುಲಗಳ ಕಂಬ, ಗೋಪುರ, ಕಳಶಗಳನ್ನು ಕರಿಗಲ್ಲಿನಲ್ಲಿ ನಿಲ್ಲಿಸಿದರು. ಅದೇ ದಶಕದಲ್ಲಿ ಅದೇ ನೆಹರೂ ಅವರ ಬೆಂಬಲದಿಂದ ಚಂಡೀಗಢದಲ್ಲಿ ಲ ಕಾರ್ಬೂಸಿಯೆ ಯಾವ ಪೂರ್ವಿಕರ ಗುರುತೂ ಇಲ್ಲದ ಬರಿಯ ಕಾಂಕ್ರೀಟಿನ ನಗರವನ್ನು ಕಟ್ಟುತ್ತಿದ್ದ. ಕನ್ನಡ ಸಾಹಿತ್ಯದಲ್ಲಿಯೂ ಆ ವರ್ಷಗಳು ಹಾಗೆಯೇ ಇದ್ದವು. ಕುವೆಂಪು ಅವರ ಮಹಾಕಾವ್ಯ ‘ಶ್ರೀ ರಾಮಾಯಣ ದರ್ಶನಂ’ 1955ರಲ್ಲಿ ಸಾಹಿತ್ಯ ಅಕಾಡೆಮಿಯ ಗೌರವವನ್ನು ಪಡೆಯಿತು. ಗೋಪಾಲಕೃಷ್ಣ ಅಡಿಗರ ‘ಚಂಡೆಮದ್ದಳೆ’ 1954ರಲ್ಲಿ ಹೊರಬಂದು ನವ್ಯದ ದಾರಿಯನ್ನು ತೆರೆಯಿತು. ಇವುಗಳಲ್ಲಿ ಯಾವುದು ಆ ಕಾಲದ ಶೈಲಿ? ಎರಡೂ. ಒಂದು ಯುಗಕ್ಕೆ ಒಂದೇ ಶೈಲಿ ಇರುವುದೆಂಬುದು ಪಠ್ಯಪುಸ್ತಕದ ಅನುಕೂಲಕ್ಕೆ ಮಾಡಿಕೊಂಡ ಮಾತು. ಯುಗಕ್ಕೆ ಇರುವುದು ಒಂದು ಪ್ರಶ್ನೆ. ಅದಕ್ಕೆ ಬರುವ ಉತ್ತರಗಳು ಪರಸ್ಪರ ಜಗಳವಾಡುತ್ತಿರುತ್ತವೆ.

ಮಲ್ಲೇಶ್ವರದ ನೆರೆಯಲ್ಲಿರುವ ಭಾರತೀಯ ವಿಜ್ಞಾನ ಮಂದಿರದ ಆವರಣದಲ್ಲಿ ಮೂರನೆಯ ಬಗೆಯ ಉತ್ತರವೂ ಇದೆ. ನಾಜಿಗಳ ಜರ್ಮನಿಯನ್ನು ಬಿಟ್ಟು ಬಂದ ಯಹೂದಿ ವಾಸ್ತುಶಿಲ್ಪಿ ಆಟೊ ಕ್ಯೋನಿಗ್ಸ್‌ಬರ್ಗರ್ 1939ರಿಂದ ಮೈಸೂರು ಸರಕಾರದ ಸೇವೆಯಲ್ಲಿದ್ದ. ಅವನು ಅಲ್ಲಿ ರೂಪಿಸಿದ ಕಟ್ಟಡಗಳಲ್ಲಿ ಕಳಶವಿಲ್ಲ, ಮಂಕಿ ಟಾಪೂ ಇಲ್ಲ. ಇಲ್ಲಿಯ ಬಿಸಿಲು ಯಾವ ಕಡೆಯಿಂದ ಬೀಳುತ್ತದೆ, ಗಾಳಿ ಎತ್ತಲಿಂದ ಬರುತ್ತದೆ ಎಂಬುದನ್ನು ಅವನು ಮೊದಲು ಕೇಳಿಕೊಂಡ. ನಮ್ಮ ಮುತ್ತಾತ ಬಡಗಿಯೊಡನೆ ಆಡಿದ ಮಾತಿಗೆ ಇದು ಬಹಳ ದೂರವಿಲ್ಲ.

ಇಷ್ಟೆಲ್ಲ ಉಪದೇಶ ಮಾಡುವ ನನ್ನ ಯೋಗ್ಯತೆಯನ್ನೂ ಹೇಳಿಬಿಡಬೇಕು. ನಮ್ಮ ಮನೆಯ ಮಂಕಿ ಟಾಪನ್ನು ಕೀಳಿಸಿದವನು ನಾನೇ. 1997ರಲ್ಲಿ ನಾನು ಕಾಲೇಜಿಗೆ ಸೇರಿದ ವರ್ಷ. ಸ್ನೇಹಿತರ ಮನೆಗಳಲ್ಲೆಲ್ಲ ಹೊಳೆಯುವ ಗ್ರಾನೈಟು, ಜಾರುವ ಗಾಜಿನ ಕಿಟಕಿ. ಬಾಗಿಲು ಕಿರುಗುಟ್ಟುವ, ನೆಲ ಸೀಳು ಬಿಟ್ಟ ನಮ್ಮ ಮನೆಗೆ ಅವರನ್ನು ಕರೆತರಲು ನಾಚಿಕೆ. ಅಪ್ಪನನ್ನು ಕಾಡಿ ಬೇಡಿ, ಗೆದ್ದಲಿನ ನೆಪ ಹೇಳಿ, ಮುಂದಿನ ಎರಡು ಮಂಕಿ ಟಾಪುಗಳನ್ನು ತೆಗೆಸಿ ಅಲ್ಯೂಮಿನಿಯಮ್ಮಿನ ಚೌಕಟ್ಟಿಗೆ ಗಾಜು ಕೂಡಿಸಿದೆ. ಆ ಬೇಸಿಗೆಯಿಂದಲೇ ಮುಂದಿನ ಕೋಣೆ ಮಧ್ಯಾಹ್ನ ಮೂರರ ಮೇಲೆ ಒಲೆಯಂತೆ ಕಾಯತೊಡಗಿತು. ಅಪ್ಪ ಬಾಯಿಬಿಟ್ಟು ಏನೂ ಹೇಳಲಿಲ್ಲ. ತನ್ನ ಕುರ್ಚಿಯನ್ನು ನಡುಮನೆಗೆ ಎತ್ತಿಕೊಂಡು ಹೋದ. ತೀರಿಕೊಳ್ಳುವವರೆಗೂ ಅಲ್ಲಿಯೇ ಕುಳಿತ. ನನ್ನದು ಆ ಕಾಲದ ಶೈಲಿ. 1991ರ ಮೇಲೆ ಬಾಗಿಲು ತೆರೆದುಕೊಂಡ ದೇಶದ ಹುಡುಗನೊಬ್ಬನ ಆಸೆಯೂ ನಾಚಿಕೆಯೂ ಆ ಗಾಜಿನಲ್ಲಿತ್ತು.

ಈಗ ಅದೇ ಮಂಕಿ ಟಾಪು ನಾಲ್ಕು ಅಂತಸ್ತಿಗೆ ಏರಿ ಮರಳಿ ಬರುತ್ತಿದೆ, ಗಾಜಿನ ಮುಂದೆ, ಏ.ಸಿ.ಯ ಸಾಕ್ಷಿಯಾಗಿ. ಇದೂ ಕಾಲದ ಕನ್ನಡಿಯೇ. ಕಳೆದುಕೊಂಡೆವೆಂಬ ಕಳವಳ ನಮ್ಮ ಕಾಲಕ್ಕೆ ಇದೆ. ಆದರೆ ಕಳೆದುಕೊಂಡದ್ದು ಏನೆಂದು ಕುಳಿತು ಯೋಚಿಸುವ ವ್ಯವಧಾನವಿಲ್ಲ. ಆದ್ದರಿಂದ ಮುಖವಾಡವನ್ನು ತಂದು ಮೊಳೆ ಹೊಡೆಯುತ್ತೇವೆ. ಕೈಲಾಸಂ ಇದ್ದಿದ್ದರೆ ಇದನ್ನು ಟೊಳ್ಳೆನ್ನುತ್ತಿದ್ದರೋ ಗಟ್ಟಿಯೆನ್ನುತ್ತಿದ್ದರೋ ಹೇಳಬೇಕಾಗಿಲ್ಲ. ಸತ್ತ ಪ್ರಶ್ನೆಯ ಉತ್ತರವನ್ನು ಬಾಯಿಪಾಠ ಒಪ್ಪಿಸುವ ವಿದ್ಯಾರ್ಥಿಗೂ ಇಂಥ ಕಟ್ಟಡಕ್ಕೂ ಭೇದವಿಲ್ಲ.

ಹಾಗಾದರೆ ನಮ್ಮ ಕಾಲದ ಪ್ರಶ್ನೆ ಯಾವುದು? ಅದನ್ನು ಕಾಣಲು ಪಾಂಡಿತ್ಯ ಬೇಕಾಗಿಲ್ಲ. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಕೊಳವೆಬಾವಿಗಳು ಬತ್ತಿ, ಟ್ಯಾಂಕರಿನ ಹಿಂದೆ ಜನ ಓಡಿದ್ದನ್ನು ಎಲ್ಲರೂ ಕಂಡಿದ್ದೇವೆ. 1974ರಿಂದ ಸುಮಾರು 100 ಕಿಲೋಮೀಟರ್ ದೂರದ ಕಾವೇರಿಯನ್ನು ಪಂಪು ಹಾಕಿ ಎತ್ತಿ ತಂದು ಕುಡಿಯುತ್ತಿರುವ ಊರು ಇದು. ಪ್ಲೇಗಿನ ಊರಿಗೆ ಗಾಳಿ ಹೇಗೋ ಈ ಊರಿಗೆ ನೀರೂ ನೆರಳೂ ಹಾಗೆ. ಮುಂದೆ ಯಾವಾಗಲಾದರೂ ನಮ್ಮ ಕಾಲದ್ದೆಂದು ಹೇಳಿಕೊಳ್ಳಬಹುದಾದ ಒಂದು ಮಾರ್ಗ ಹುಟ್ಟುವುದಾದರೆ ಅದು ಇಲ್ಲಿಂದಲೇ ಹುಟ್ಟಬೇಕು.

ಹೋದ ಭಾನುವಾರ ಅಣ್ಣ ಮತ್ತೆ ಬಂದ. ಈ ಸಲ ನಕ್ಷೆಯನ್ನು ನಾನು ಹಿಂದಿನಿಂದ ಮುಂದಕ್ಕೆ ನೋಡಿದೆ. ಆಗ ಕಣ್ಣಿಗೆ ಬಿದ್ದಿತು, ಗಲ್ಲಿಯ ಕಡೆಯಿಂದ ನಾಲ್ಕೂ ಅಂತಸ್ತಿನ ಅಡಿಗೆಮನೆಗೆ ಏರುವ ಆ ಕಿರಿದಾದ ಮೆಟ್ಟಿಲು.

“ಇದು ಯಾರಿಗಣ್ಣಾ?”

“ಕೆಲಸದವರಿಗೆ. ಮುಂದಿನ ಲಿಫ್ಟಿನಲ್ಲಿ ಅವರೂ ಬಂದರೆ ಫ್ಲ್ಯಾಟ್ ತೊಗೊಳೋರು ಒಪ್ಪಲ್ಲವಂತೆ. ಈಗ ಎಲ್ಲಾ ಕಡೆ ಹಾಗೇ ಮಾಡ್ತಾರೆ.”

ನಾನು ಸ್ವಲ್ಪ ಹೊತ್ತು ಮಾತಾಡಲಾರದೆ ಹೋದೆ. ಹಳೆಯ ಮನೆಯ ಮುಖವನ್ನು ನಕಲು ಮಾಡಲು ಇವರಿಗೆ ಎಂಜಿನಿಯರು ಬೇಕಾಯಿತು, ಹಳೆಯ ಚಿತ್ರಗಳು ಬೇಕಾದವು. ಹಿಂದಿನ ಗಲ್ಲಿ ಮಾತ್ರ ಯಾರೂ ಕರೆಯದೆ ತಾನಾಗಿಯೇ ನಡೆದು ಬಂದಿತ್ತು. ನಮ್ಮ ಮನೆಯ ಪಾತ್ರೆ ತೊಳೆಯುವ ಹೆಂಗಸು ಆಗ ಅಡಿಗೆಮನೆಯಲ್ಲಿಯೇ ಇದ್ದಳು. ಅವಳ ಹೆಸರು ನನಗೆ ಗೊತ್ತಿದೆ ಎಂಬುದು ಒಂದೇ ಆ ಗಳಿಗೆಯಲ್ಲಿ ನನಗಿದ್ದ ಸಮಾಧಾನ.

ಅಣ್ಣನಿಗೆ ಮೂರು ಮಾತು ಹೇಳಿದೆ. ಒಂದು, ಆ ಟೋಪಿಗಳನ್ನು ತೆಗೆಸು. ಕಟ್ಟಡಕ್ಕೆ ಟೋಪಿ ಹಾಕಿದರೆ ನೋಡುವವರಿಗೂ ಟೋಪಿ ಹಾಕಿದಂತೆ. ಆ ಹಣದಲ್ಲಿ ಪಶ್ಚಿಮದ ಕಿಟಕಿಗಳಿಗೆ ಆಳವಾದ ಚಜ್ಜ ಇಳಿಸು. ಎರಡು, ಹಿತ್ತಿಲಲ್ಲಿ ಕಲ್ಲುಚಪ್ಪಡಿ ಮುಚ್ಚಿದ ಮುತ್ತಾತನ ಬಾವಿಯನ್ನು ಹೂಳಿಸಬೇಡ. ಹೂಳು ತೆಗೆಸಿ ತಾರಸಿಯ ಮಳೆನೀರನ್ನು ಅದಕ್ಕೆ ಇಳಿಸು. ಮಳೆನೀರಿನ ಸಂಗ್ರಹ 2009ರಿಂದ ಹೇಗೂ ಕಾನೂನು. ಮೂರು, ಆ ಮೆಟ್ಟಿಲು ಬೇಡ. ಎಲ್ಲರೂ ಒಂದೇ ಬಾಗಿಲಿನಲ್ಲಿ ಬರಲಿ, ಒಂದೇ ಲಿಫ್ಟಿನಲ್ಲಿ ಹತ್ತಲಿ.

ಟೋಪಿಯ ಮಾತಿಗೆ ಅಣ್ಣ ನಕ್ಕು, “ಖರ್ಚು ಉಳೀತು ಬಿಡು” ಎಂದ. ಬಾವಿಯ ಮಾತಿಗೆ ಎದ್ದುಹೋಗಿ ಚಪ್ಪಡಿಯ ಸಂದಿನಿಂದ ಒಂದು ಕಲ್ಲನ್ನು ಒಳಕ್ಕೆ ಹಾಕಿ ಕಿವಿಗೊಟ್ಟು ಕೇಳಿದ. ಬಹಳ ಕೆಳಗೆ ಸಣ್ಣ ಸದ್ದಾಯಿತು. “ಇನ್ನೂ ಇದೆ ಕಣೋ ನೀರು” ಎಂದು ಚಿಕ್ಕ ಹುಡುಗನಂತೆ ಆಶ್ಚರ್ಯಪಟ್ಟ.

ಮೂರನೆಯ ಮಾತಿಗೆ ಮಾತ್ರ, “ನೋಡೋಣ. ಪಾಲುದಾರರನ್ನ ಕೇಳಬೇಕು” ಎಂದು ಸುರುಳಿಯನ್ನು ಸುತ್ತಿಕೊಂಡು ಹೊರಟ.

ನಾನು ಇನ್ನೂ ಸಹಿ ಹಾಕಿಲ್ಲ.